ಇಪ್ಪತ್ತೆಂಟನೇ ದಿನ ನಪಾಸಾದ ತಾರಸಿ

ಗುಣಮಟ್ಟ ವಿಭಾಗದ ಮುಖ್ಯ ಅಧಿಕಾರಿಗಳ ಘನ ಸನ್ನಿಧಿಗೆ,

ಮಾನ್ಯರೇ,

ಕಾಂಕ್ರೀಟ್ ಪರೀಕ್ಷಾ ಕೊಠಡಿಯಲ್ಲಿ ಮಾದರಿ ತುಂಡುಗಳನ್ನು ನೆನೆಹಾಕುವ ತೊಟ್ಟಿಯ ಉಸ್ತುವಾರಿ ನೋಡುವ ನಾನು, ತಮ್ಮ ಅಮೂಲ್ಯ ಸಮಯ ಹಾಳುಮಾಡುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರಿ, ತಮ್ಮ ವಿಳಂಬಕ್ಕೆ ಹೃತ್ಪೂರ್ವಕ ವಂದನೆ ಸಲ್ಲಿಸಲು ಇದನ್ನು ಬರೆಯುತ್ತಿದ್ದೇನೆ.

ಗೋದಾಮಿನ ಚೀಲಗಳ ಮರೆಯಲ್ಲಿ, ಒಬ್ಬರು ಕಾವಲು ನಿಂತರೆ ಒಬ್ಬರು ಬಟ್ಟೆ ಬದಲಿಸುತ್ತಿದ್ದ ನಾವು ಹನ್ನೊಂದು ಹೆಂಗಸರು ಆರು ವರ್ಷ ಅರ್ಜಿ ಕೊಟ್ಟ ಮೇಲೆ ನಮಗೊಂದು ಕೋಣೆ ಮಂಜೂರಾಯಿತು. ಸಿಮೆಂಟ್ ಉಳಿಸಬೇಕೆಂಬ ತಮ್ಮದೇ ಸುತ್ತೋಲೆಯಂತೆ ಅದರ ತಾರಸಿಗೆ ಸಿಮೆಂಟಿನಲ್ಲಿ ಮೂರನೇ ಒಂದು ಪಾಲು ತೆಗೆದು, ಕಲ್ಲಿದ್ದಲು ಸ್ಥಾವರದವರು ಗುಡ್ಡೆ ಹಾಕುವ ಹಾರುಬೂದಿ ಬೆರೆಸಿದೆವು. ಬೂದಿ ಬೆರೆತ ಕಾಂಕ್ರೀಟು ನಿಧಾನವಾಗಿ ಗಟ್ಟಿಯಾಗುತ್ತದೆ, ತೊಂಬತ್ತು ದಿನ ತಾಳಿ ಎಂದು ನಾನು ಬರೆದುಕೊಟ್ಟು ಬೇಡಿಕೊಂಡಿದ್ದರೂ, ತಾವು ನಿಯಮದಂತೆ ಇಪ್ಪತ್ತೆಂಟನೇ ದಿನವೇ ಆ ಕಾಂಕ್ರೀಟಿನ ಮಾದರಿ ತುಂಡುಗಳನ್ನು ಯಂತ್ರದಲ್ಲಿ ಒತ್ತಿಸಿ, ನಪಾಸು ಮಾಡಿ, ತಾರಸಿ ಒಡೆಯಲು ಆದೇಶಿಸಿದಿರಿ. ಅಂದು ನಾವೆಲ್ಲ ತಮ್ಮನ್ನು ಬೈದದ್ದನ್ನು ಮುಚ್ಚಿಡುವುದಿಲ್ಲ.

ಆದರೆ ತಮ್ಮ ಕಚೇರಿ ನಮ್ಮ ಕೈಬಿಡಲಿಲ್ಲ. ಆದೇಶವು ಏಳು ಮೇಜು ದಾಟಿ, ಎರಡು ಸಲ ಸಹಿ ತಪ್ಪಿ, ಒಮ್ಮೆ ಕಳೆದು ಸಿಕ್ಕಿ, ಒಡೆಯುವ ಮೇಸ್ತ್ರಿಯ ಕೈ ಸೇರುವಷ್ಟರಲ್ಲಿ ನೂರನೇ ದಿನವಾಗಿತ್ತು. ಆತ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಉಳಿ ಸುತ್ತಿಗೆ ಬಡಿದು, ಒಂದು ಲೋಟ ಕೂರುವಷ್ಟು ಗುಳಿ ತೋಡಿ, "ಅಕ್ಕಾ, ಇದನ್ನ ನಪಾಸ್ ಮಾಡಿದವ್ರು ಯಾರು? ಅವ್ರೇ ಬಂದು ಒಡೀಲಿ" ಎಂದು ಸಾಮಾನು ಕಟ್ಟಿಕೊಂಡು ಹೋದ. ಅಂದಿನಿಂದ ನಾವು ಆ ಕೋಣೆಯಲ್ಲೇ ಇದ್ದೇವೆ. ತೊಟ್ಟಿಯಲ್ಲಿ ನಾನು ಉಳಿಸಿಕೊಂಡಿದ್ದ ಮೂರು ತುಂಡುಗಳೂ ತೊಂಬತ್ತನೇ ದಿನ ಯಂತ್ರಕ್ಕೆ ಜಗ್ಗಲಿಲ್ಲ. ಆದರೆ ನಮೂನೆಯಲ್ಲಿ ಆ ದಿನಕ್ಕೆ ಕಾಲಂ ಇಲ್ಲವಾದ್ದರಿಂದ ಅವು ಪಾಸಾಗಿಲ್ಲವೆಂದು ತಮ್ಮ ಕಚೇರಿ ತಿಳಿಸಿದೆ.

ಈಗ ತಾರಸಿ ಒಡೆಯಲು ತಾವು ದೊಡ್ಡ ಯಂತ್ರವನ್ನೇ ತರಿಸುವಿರೆಂದು ಕೇಳಿದೆ. ಆ ಕಡತವನ್ನೂ ಇದೇ ಏಳು ಮೇಜುಗಳ ಮೇಲೆ ಹಾಯಿಸಬೇಕೆಂದೂ, ಈ ಪತ್ರಕ್ಕೆ ಆತುರಪಟ್ಟು ಉತ್ತರಿಸಬಾರದೆಂದೂ, ಸಾಧ್ಯವಾದರೆ ಅಧಿಕಾರಿಗಳನ್ನೂ ನೇಮಕವಾದ ಇಪ್ಪತ್ತೆಂಟನೇ ದಿನ ಒತ್ತಿ ನೋಡುವ ಕಾಲಂ ಒಂದನ್ನು ನಮೂನೆಗೆ ಸೇರಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಇನ್ನೂ ಗಟ್ಟಿಯಾಗುತ್ತಲೇ ಇರುವ,
ತಮ್ಮ ವಿಶ್ವಾಸಿ,
ತೊಟ್ಟಿಯ ಅಕ್ಕ

ವಿ.ಸೂ.: ಮೊನ್ನೆಯ ಮಳೆಗೆ ತಮ್ಮ ಕಚೇರಿಯ ಅಪ್ಪಟ ಸಿಮೆಂಟಿನ ತಾರಸಿ ಸೋರಿದ್ದರಿಂದ ತಮ್ಮ ಗುಮಾಸ್ತರು ಕಡತಗಳನ್ನೆಲ್ಲ ತಂದು ನಮ್ಮ ಕೋಣೆಯಲ್ಲಿ ಇಟ್ಟಿದ್ದಾರೆ. ಒಡೆಯುವ ಆದೇಶವೂ ಅಲ್ಲೇ ಬೆಚ್ಚಗಿದೆ. ನೋಡಲು ಬರುವುದಾದರೆ ಬಾಗಿಲು ತಟ್ಟಿ, ಕರೆದ ಮೇಲೆ ಒಳಗೆ ಬನ್ನಿ. ನಾವು ಬಟ್ಟೆ ಬದಲಿಸುತ್ತಿರುತ್ತೇವೆ.