ಮೂರು ಮೊಳ ಹಿಂದೆ

ಮೊಮ್ಮಕ್ಕಳೇ, ನಿಮ್ಮ ಮುತ್ಯಾ ಜಗಳಗಂಟರಾಗಿರಲಿಲ್ಲ. ಆದರೆ ನಮ್ಮದಲ್ಲದ ಮೂರು ಮೊಳ ಜಾಗಕ್ಕಾಗಿ ಸೊಲ್ಲಾಪುರದ ಒಂದು ಇಡೀ ಓಣಿಯ ಎದುರು ಹಟ ಹಿಡಿದು ನಿಂತವರು ಅವರೊಬ್ಬರೇ! ಅವರ ಹೆಸರು ಮಾತ್ರ ಬರೆಯುವುದಿಲ್ಲ. ಆಯುಷ್ಯವಿಡೀ ಬಾಯಿಂದ ಹೇಳದ ಗಂಡನ ಹೆಸರನ್ನು ಕೈಯಿಂದ ಬರೆದರೆ ತಪ್ಪು ಕಡಿಮೆಯಾದೀತೇ? ತಡವಳದ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಕಲಿತ ನನಗೆ ಅಷ್ಟಾದರೂ ತಿಳಿಯುತ್ತದೆ.

ಎಪ್ಪತ್ತನೆಯ ಇಸವಿಯ ಆಸುಪಾಸಿನ ಮಾತು. ಅವರದೊಂದು ಟ್ರಕ್ಕಿತ್ತು. ನಸುಕಿಗೆ ದುಧನಿಗೆ ಹೋಗಿ, ತೊಗರಿಯನ್ನೋ ಶೇಂಗಾವನ್ನೋ ಹೇರಿಕೊಂಡು ಬಂದು, ಸೊಲ್ಲಾಪುರದ ಪೇಟೆಯಲ್ಲಿ ಇಳಿಸಿ, ಮಧ್ಯಾಹ್ನ ಎರಡಕ್ಕೆ ಮನೆ ಸೇರುವರು. ಬೇರೆ ಮಾಲಕರು ಟ್ರಕ್ಕನ್ನು ಊರ ಹೊರಗಿನ ಜಕಾತಿ ನಾಕಾದಲ್ಲಿ ನಿಲ್ಲಿಸಿ ನಡೆದು ಬರುವರು. ಇವರದು ಓಣಿಯೊಳಗೇ ಬರಬೇಕು, ಮನೆಯ ಮುಂದೆಯೇ ನಿಲ್ಲಬೇಕು. ಒಂದು ಬದಿಗೆ ನಮ್ಮ ಮನೆಗಳ ಸಾಲು, ಪಡುವಣ ಬದಿಗೆ ಗಿರಣಿಯವರ ತಂತಿಬೇಲಿ, ಅದರಾಚೆ ಒಂದು ಗಿಡವೂ ಇಲ್ಲದ ಬೋಳು ಬಯಲು. ನಡುವಿನ ಹಾದಿಯಲ್ಲಿ ಈ ಟ್ರಕ್ಕು!

ನಿಲ್ಲಿಸುವುದೆಂದರೆ ಸುಮ್ಮನೆ ನಿಲ್ಲಿಸುವುದೇ? ಒಂದು ಮೊಳ ಹಿಂದೆ, ಗೇಣಷ್ಟು ಮುಂದೆ. ಕೆಳಗಿಳಿದು ಟ್ರಕ್ಕನ್ನು ನೋಡುವರು, ನಮ್ಮ ಕಟ್ಟೆಯನ್ನು ನೋಡುವರು, ಆಮೇಲೆ ಆಕಾಶವನ್ನು ನೋಡುವರು. ಮತ್ತೆ ಹತ್ತಿ ನಾಲ್ಕು ಬೆರಳು ಹಿಂದೆ. ಗಣಪತಿಯನ್ನು ಕೂಡಿಸುವುದಕ್ಕೂ ಇಷ್ಟು ಹೊತ್ತು ಬೇಕಿಲ್ಲ ಎಂದು ಓಣಿಯ ಹೆಂಗಸರು ನಗುವರು. ನಾನು ನಾಚಿಕೆಯಿಂದ ಒಳಗೆ ಹೋಗಿ ಬಿಡುತ್ತಿದ್ದೆ. ಆದರೆ ಒಳಗೆ ಎಷ್ಟು ಹೊತ್ತು ಕೂಡುವುದು? ಮನೆಯೊಳಗೆ ಕತ್ತಲೆ. ಸೂಜಿಗೆ ದಾರ ಪೋಣಿಸಬೇಕೆಂದರೆ ನಾಲ್ಕು ಗಂಟೆಗೆ ಕಟ್ಟೆಗೇ ಬರಬೇಕು. ನೀವು ಈಗ ಹೊದೆಯುವ ಕೌದಿಗಳೆಲ್ಲ ಆ ಕಟ್ಟೆಯ ಮೇಲೆ ಹೊಲಿದವೇ.

ಪಕ್ಕದ ಮನೆ ಬಟ್ಟೆ ವ್ಯಾಪಾರದ ಸಾವಕಾರರದು. ನಮ್ಮ ಕಟ್ಟೆ ಮುಗಿಯುವಲ್ಲಿ ಅವರ ಬಾಗಿಲು. ಬೇಸಿಗೆಯಲ್ಲಿ ಟ್ರಕ್ಕಿನ ಬಾಲ ಆ ಬಾಗಿಲನ್ನು ಅರ್ಧ ನುಂಗುತ್ತಿತ್ತು. ಮನೆಯವರೆಲ್ಲ ಅಡ್ಡ ತಿರುಗಿ ಒಳಗೆ ಹೋಗಬೇಕು. ಪಾಪ, ಸಾವಕಾರರು ಅಡ್ಡ ತಿರುಗಿದರೂ ಅಷ್ಟೇ ಅಗಲ ಇದ್ದರು!

ಅವರ ಹೆಂಡತಿ ಜಾಣೆ. ಅಡ್ಡ ನಿಂತದ್ದು ಉಪಯೋಗಕ್ಕಾದರೂ ಬರಲಿ ಎಂದು ಒಂದು ದಿನ ಏಣಿ ಇಟ್ಟು ಹತ್ತಿ, ಟ್ರಕ್ಕಿನ ನೆತ್ತಿಯ ಮೇಲೆ ಹಳೆಯ ಸೀರೆ ಬಿಗಿದು, ಹಸಿ ಕುರಡಗಿ ಸಂಡಿಗೆ ಒಣಹಾಕಿದರು. ಅದೇ ದಿನ ಅಕ್ಕಲಕೋಟಕ್ಕೆ ಅವಸರದ ಮಾಲು ಬಂತು. ಇವರು ಮೇಲೆ ನೋಡದೆ ಹೊರಟೇ ಬಿಟ್ಟರು. ಆ ತಾಯಿ ಬಾಗಿಲಲ್ಲಿ ನಿಂತು ಹಾಕಿದ ಶಾಪ ನಾಕಾದವರೆಗಾದರೂ ಕೇಳಿರಬೇಕು. ಹೊತ್ತು ಮುಳುಗುವಾಗ ಇವರು ತಿರುಗಿ ಬಂದು, ಸೀರೆಯ ಗಂಟು ಬಿಚ್ಚಿ, ಉಳಿದದ್ದನ್ನು ಭಕ್ತಿಯಿಂದ ಅವರ ಕೈಗಿತ್ತರು.

“ವೈನಿ, ಅಕ್ಕಲಕೋಟದ ಗುಡಿ ಮುಂದ ಹಾದು ಬಂದಾವ್ರಿ. ಅರ್ಧ ಹಾದಿಗಿ ಬಿದ್ದಾವ, ಅರ್ಧ ಒಣಗ್ಯಾವ. ಪ್ರಸಾದ ಅಂತ ತಿನ್ರಿ.”

ಮರುದಿನ ಸಾವಕಾರರು ಓಣಿಯ ಹಿರಿಯರನ್ನು ನಮ್ಮ ಮನೆಯ ಮುಂದೆ ಕೂಡಿಸಿದರು. ಟ್ರಕ್ಕು ಮೂರು ಮೊಳ ಮುಂದೆ ಸರಿಯಬೇಕು, ಇಲ್ಲವೇ ನಾಕಾಕ್ಕೆ ಹೋಗಬೇಕು ಎಂದು ತೀರ್ಮಾನವಾಯಿತು. ನಾಕಾದಲ್ಲಿ ಗಾಲಿಗಳನ್ನೇ ಬಿಚ್ಚಿಕೊಂಡು ಹೋಗುವ ಕಳ್ಳರಿದ್ದರು. ಟ್ರಕ್ಕು ಅಲ್ಲಿ ನಿಂತರೆ ಇವರೂ ಅಲ್ಲಿಯೇ ಮಲಗಬೇಕು. ಊರಿಗೇ ಹೊಸಬಳಾದ ನಾನು ಕೂಸುಗಳನ್ನು ಕಟ್ಟಿಕೊಂಡು ಒಬ್ಬಳೇ ಇರಬೇಕು!

ಇವರು ಎಲ್ಲಕ್ಕೂ ಒಪ್ಪಿದರು. ಓಣಿಯಲ್ಲಿ ಹಾರ್ನ್ ಹಾಕುವುದಿಲ್ಲ, ಗುರುವಾರ ಬೇಕಾದವರನ್ನು ಅಕ್ಕಲಕೋಟಕ್ಕೆ ಪುಕ್ಕಟೆ ಕರೆದೊಯ್ಯುತ್ತೇನೆ ಎಂದರು. ಮೂರು ಮೊಳ ಮಾತ್ರ ಬಿಡಲೊಲ್ಲರು. ಕಾರಣ ಕೇಳಿದರೆ, ಗಾಲಿಗಳು ಆ ನೆಲಕ್ಕೆ ಹೊಂದಿಕೊಂಡಿವೆಯಂತೆ, ಸರಿಸಿದರೆ ಗಾಡಿ ಮುನಿಸಿಕೊಳ್ಳುತ್ತದಂತೆ!

“ಥಂಡಿ ದಿನದಾಗ ನಾವು ಹೇಳದಿದ್ರೂ ಮುಂದ ನಿಲ್ಲಿಸ್ತಿ,” ಎಂದರು ಸಾವಕಾರರು. “ಶಿವರಾತ್ರಿ ಆತಂದ್ರ ಹಿಂದ ಬರ್ತಿ. ನಿನ್ನ ಗಾಡಿಗಿ ಬ್ಯಾಸಗ್ಯಾಗಷ್ಟೇ ಹುಚ್ಚ ಹಿಡೀತದೇನು?”

ಮಾತು ನಿಜವೇ ಇತ್ತು. ಕಡೆಗೆ ಹಿರಿಯರು ನನ್ನನ್ನು ಕರೆದು, ನೀನಾದರೂ ಹೇಳವ್ವ ಎಂದರು. ಗಂಡಸರ ಮುಂದೆ ನಾನು ಬಾಯಿ ಬಿಟ್ಟದ್ದು ಅದೇ ಮೊದಲು, ಅದೂ ಬಾಗಿಲ ಮರೆಯಿಂದ.

“ಮೂರು ಮೊಳ ಏನ ದೊಡ್ಡದ್ರಿ? ಸರಸ್ರಿ. ನೀವು ಮನಿಗಿ ಬರೂದು ತಪ್ಪೂದು ಬ್ಯಾಡ.”

ಅವರು ನನ್ನ ಕಡೆ ತಿರುಗಿ ನೋಡಿದರು.

“ಎಲ್ಲಾರೂ ಹೇಳ್ಲಿ. ನೀ ಒಬ್ಬಾಕಿ ಹೇಳಬ್ಯಾಡ.”

ಎಲ್ಲರೂ ನಕ್ಕರು. ಹೆಂಡತಿಯ ಮಾತಿಗೂ ಸರಿಯದ ಗಾಡಿ ತಮ್ಮ ಮಾತಿಗೆ ಸರಿದೀತೇ ಎಂದು ಸಾವಕಾರರೂ ಸೋತು ನಕ್ಕು ಎದ್ದರು. ಅಂದಿನಿಂದ ಬಾಗಿಲಿನ ಇನ್ನೊಂದು ಕದ ತೆರೆದು ಓಡಾಡತೊಡಗಿದರು. ನಾನು ಎರಡು ದಿನ ಸಿಟ್ಟಿನಲ್ಲಿದ್ದೆ. ಬ್ಯಾಳಿಗೆ ಉಪ್ಪು ಹಾಕಲಿಲ್ಲ. ಇವರು ಅದನ್ನೂ ಉಂಡು, ಚಲೋ ಆಗೇದ ಎಂದರು!

ವರ್ಷಗಳು ಕಳೆದವು. ಅವರು ಹೋದ ಮೇಲೆ ಟ್ರಕ್ಕನ್ನು ಮಾರಿದೆವು. ಶಿವರಾತ್ರಿ ಕಳೆದ ಮೇಲೆ ಒಂದು ದಿನ, ಕೈ ಸುಮ್ಮನಿರಲಾರದೆ ಕೌದಿ ಹಿಡಿದು ನಾಲ್ಕಕ್ಕೆ ಕಟ್ಟೆಗೆ ಬಂದೆ. ಸೂಜಿಗೆ ದಾರ ಪೋಣಿಸಲು ಕತ್ತೆತ್ತಿದರೆ ಬಿಸಿಲು ಮುಖಕ್ಕೆ ಬಡಿಯಿತು. ಕಣ್ಣು ಬಿಡಲಾಗಲಿಲ್ಲ. ಬೇಲಿಯಾಚೆ ಗಿರಣಿ ಬಿಟ್ಟು ಹೋಗುವ ಜನವೆಲ್ಲ ನನ್ನನ್ನೇ ನೋಡಿದಂತಾಗಿ ಸೆರಗು ಎಳೆದುಕೊಂಡೆ. ಇಷ್ಟು ವರ್ಷ ಇದೇ ಕಟ್ಟೆ, ಇದೇ ಹೊತ್ತು. ಆಗ ಈ ಬಿಸಿಲು ಎಲ್ಲಿತ್ತು? ಈ ಜನ ಎಲ್ಲಿದ್ದರು?

ನೆಲದಲ್ಲಿ ಗಾಲಿಗಳ ಕುಳಿ ಹಾಗೆಯೇ ಇದ್ದವು. ನಾನು ಅವನ್ನು ನೋಡುತ್ತ ಕೂತೆ.

ಸಾವಕಾರರು ಎರಡೂ ಕದ ತೆರೆದು ತಮ್ಮ ಬಾಗಿಲಲ್ಲಿ ನಿಂತಿದ್ದರು. ಬಿಸಿಲು ನೋಡಿದರು, ನನ್ನನ್ನು ನೋಡಿದರು, ಆ ಕುಳಿ ನೋಡಿದರು. ಒಳಗೆ ಹೋದರು. ಮರುದಿನ ಅಂಗಡಿಯಿಂದ ದಪ್ಪ ಬಟ್ಟೆ, ಬಿದಿರು ತರಿಸಿ, ಕುಳಿಗಳ ನೇರಕ್ಕೇ ಗಳ ನೆಟ್ಟು ಪರದೆ ಕಟ್ಟಿಸಿದರು. ಅವರ ಬಾಗಿಲು ಮತ್ತೆ ಅರ್ಧ ಮುಚ್ಚಿತು. ನಾನು ನಾಚಿಕೆ ಬಿಟ್ಟು, ಮೂರು ಮೊಳ ಮುಂದಕ್ಕೆ ಕಟ್ಟಿಸಿರಿ, ನಿಮಗೆ ಅಡ್ಡವಾಗುತ್ತದೆ ಎಂದೆ.

ಸಾವಕಾರರು ಅಡ್ಡ ತಿರುಗಿ, ಮೈ ಒತ್ತರಿಸಿಕೊಂಡು ಒಳಗೆ ನುಸುಳುತ್ತ ಅಂದರು:

“ಎಲ್ಲಾರೂ ಹೇಳ್ಲಿ ತಂಗಿ. ನೀ ಒಬ್ಬಾಕಿ ಹೇಳಬ್ಯಾಡ.”