ನಾಲ್ಕು ಅಂಗುಲ ಒಳಗಿನ ಬಿರುಕು

"ಹೊಟ್ಟೆ ಒಳಗೆ ಎಳ್ಕೊಳ್ಳಿ ವಿದ್ವಾಂಸರೇ! ಉಸಿರಾಡಬೇಡಿ!"

ಎಳೆದುಕೊಂಡೆ. ಹೊಟ್ಟೆಗೆ ಒತ್ತಿ ಹಿಡಿದಿದ್ದ ನನ್ನ ಘಟದ ಮೇಲೆ ಕೆಂಪು ಚುಕ್ಕಿಯೊಂದು ಬಂದು ಕೂತಿತು.

ಬೆಳಿಗ್ಗೆ ಘಟ ನಲ್ಲಿಗೆ ತಗುಲಿತ್ತು. ಬೆರಳಲ್ಲಿ ತಟ್ಟಿದರೆ ನಾದ ಸರಿಯಿತ್ತು, ಮನಸ್ಸು ಸರಿಯಿರಲಿಲ್ಲ. ಸಂಜೆ ಆರಕ್ಕೆ ಕಚೇರಿ. ಗಾಯಕಿಯ ಶ್ರುತಿಗೆ ಸೇರುವ ಘಟ ನನ್ನಲ್ಲಿ ಇದೊಂದೇ.

"ಲೇಸರ್ ತಟ್ಟುತ್ತೆ," ಪಕ್ಕದ ಮನೆಯ ತ್ರಿಯಂಬಕರಾಯರು ತಮ್ಮ ಹೊಸ ಯಂತ್ರದ ಬೆನ್ನು ಸವರಿದರು. "ಕಿವಿಗೆ ಕೇಳಿಸದ ಅಲೆ ಮಣ್ಣೊಳಗೆ ಓಡುತ್ತೆ. ಬಿರುಕಿದ್ರೆ ಅಲ್ಲಿಂದ ವಾಪಸ್ ಬರುತ್ತೆ. ಅಷ್ಟೇ!"

"ಬಿರುಕು!" ಎಂದಿತು ಯಂತ್ರ, ರಾಯರದೇ ಧ್ವನಿಯಲ್ಲಿ. "ನಾಲ್ಕು ಅಂಗುಲ ಒಳಗೆ!"

"ರಾಯರೇ, ಆ ಘಟ ಅರ್ಧ ಅಂಗುಲಾನೂ ದಪ್ಪ ಇಲ್ಲ!" ನನ್ನ ಹೆಂಡತಿ ಪದ್ದು ಅಡುಗೆಮನೆಯಿಂದಲೇ ಕೂಗಿದಳು.

"ಬಿರುಕು ಎಡಕ್ಕೆ ಹೋಗ್ತಿದೆ! ಗುಡುಗ್ತಿದೆ!" ಎಂದಿತು ಯಂತ್ರ.

"ಅದು ಇವರ ಹೊಟ್ಟೆ! ಕಚೇರಿ ಮುಗಿಯೋವರೆಗೂ ಇವರು ಊಟ ಮಾಡಲ್ಲ."

ರಾಯರ ಮುಖ ಕೆಂಪಾಯಿತು. ಘಟವನ್ನು ಕಿತ್ತುಕೊಂಡು ಸ್ಟೂಲಿನ ಮೇಲಿಟ್ಟರು. ಯಂತ್ರ ಬೇಸರದಿಂದ ಹೇಳಿತು: "ಬಿರುಕಿಲ್ಲ."

"ಬದುಕಿದೆ! ಸಾಕು ಬಿಡಿ," ಎಂದೆ.

"ಸಾಕಾ? ಇಷ್ಟು ಬೇಗ ಒಪ್ಕೊಂಡ್ರೆ ಅದೆಂಥ ವಿಜ್ಞಾನ ರೀ!" ಎಂದವರೇ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು.

ಘಟ ತಾನಾಗಿಯೇ ನುಡಿಯತೊಡಗಿತು. ತಕಿಟ, ತಕಧಿಮಿ, ಆಮೇಲೆ ಎಣಿಸಲಾಗದ ವೇಗ. ನಲವತ್ತು ವರ್ಷ ಸಾಧನೆ ಮಾಡಿದ ನಾನು ಬಾಯಿ ಬಿಟ್ಟುಕೊಂಡು ತಾಳ ಹಾಕುತ್ತ ಕೂತೆ. ಕೊನೆಯ ಮುಕ್ತಾಯ ಮೂರು ಬಾರಿ ಬಂತು. ಮೂರನೆಯದು ಮುಗಿದ ಕ್ಷಣ, ಸರಿಯಾಗಿ ತಾಳದ ಮೊದಲ ಪೆಟ್ಟಿನ ಮೇಲೆ, ಘಟ ಎರಡು ಹೋಳಾಗಿ ಉರುಳಿತು!

ಕೆಂಪು ಚುಕ್ಕಿ ಒಂದು ಹೋಳಿನ ಮೇಲೆ ಓಡಾಡಿತು, ಇನ್ನೊಂದರ ಮೇಲೂ ಓಡಾಡಿತು.

"ಬಿರುಕಿಲ್ಲ. ಬಿರುಕಿಲ್ಲ."

ಆಮೇಲೆ ತಟ್ಟಲು ಬೇರೇನೂ ಸಿಗದೆ ನನ್ನ ಹೊಟ್ಟೆಗೆ ಬಂತು. ಚುರ್ರೆಂದಿತು. ಧುಂ! ಧುಂ!

ರಾಯರು ಕಿವಿ ನಿಮಿರಿಸಿದರು. ನನ್ನ ಶ್ರುತಿಪೆಟ್ಟಿಗೆಯನ್ನು ಒತ್ತಿ ನೋಡಿ ಕುಣಿದುಬಿಟ್ಟರು. "ಆಯಮ್ಮನ ಶ್ರುತಿಗೇ ಸೇರಿದೆ! ಯಂತ್ರಾನೇ ವೇದಿಕೆಗೆ ತಗೊಂಡ್ಹೋಗಿ ವಿದ್ವಾಂಸರೇ! ಘಟ ಬೇಡ, ಕೈಯೂ ಬೇಡ. ಖಾಲಿ ಹೊಟ್ಟೆ ಒಂದಿದ್ರೆ ಸಾಕು!"

ಗಡಿಯಾರದಲ್ಲಿ ನಾಲ್ಕು ಗಂಟೆ. ಹೊಟ್ಟೆ ಇನ್ನೂ ನುಡಿಯುತ್ತಿತ್ತು, ನಿಜಕ್ಕೂ ಶ್ರುತಿಯಲ್ಲಿ.

"ಆಗಲ್ಲ," ಎಂದೆ. "ಪದ್ದು, ಅನ್ನ ಬಡಿಸು."