ಬ್ಲಾಗ್ ಸಾರ್ ಹೊರಗೆ ಹೋಗಿದ್ದಾರೆ

ಯಾರು ಏನು ಕೇಳಿದರೂ ನಮ್ಮಪ್ಪ ತಕ್ಷಣ ಉತ್ತರ ಕೊಡುವುದಿಲ್ಲ. ಟ್ರೇಯಿಂದ ಒಂದು ಟೊಮೇಟೊ ಸಸಿ ಎತ್ತಿ, ಬೇರನ್ನು ಬಿಸಿಲಿಗೆ ಹಿಡಿದು ನೋಡಿ, ಮೂಗಿನ ಹತ್ತಿರ ತಂದು, ಮತ್ತೆ ಅದರ ಗುಳಿಯಲ್ಲೇ ಕೂರಿಸಿ, ಹೆಬ್ಬೆರಳಿನಿಂದ ಒತ್ತಿ, ಆಮೇಲೆ ಬಾಯಿ ಬಿಡುತ್ತಾರೆ. ಬಸ್ಸು ಹೋಯ್ತಾ ಅಂತ ಕೇಳಿದರೂ ಅಷ್ಟೇ.

ಶ್ರೀನಿವಾಸಪುರದ ರಸ್ತೆಯಲ್ಲಿರುವ ನಮ್ಮ ಸಸಿ ನರ್ಸರಿಗೆ ಬರುವ ರೈತರಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇತ್ತು, ಹತ್ತಿರದಲ್ಲೇ ಒಂದು ಹೈಟೆಕ್ ನರ್ಸರಿ ಬರುವ ತನಕ. ಅಲ್ಲಿ ಗೇಟಿನಲ್ಲೇ ಬಣ್ಣದ ಪುಸ್ತಕ ಕೊಟ್ಟು, ಕೇಳುವ ಮೊದಲೇ ಉತ್ತರ ಹೇಳುತ್ತಾರೆ. ಎರಡೇ ಹಂಗಾಮಿನಲ್ಲಿ ನಾವು ಸಸಿ ಬೆಳೆಸುವ ನೆರಳುಮನೆ ಅರ್ಧ ಖಾಲಿ.

ನಾನು ಕೋಲಾರದಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಎದುರಿಗೆ ಮನುಷ್ಯರಿದ್ದರೆ ನನಗೆ ಯಾವ ಭಾಷೆಯಲ್ಲೂ ಮಾತು ಬರುವುದಿಲ್ಲ. ಟೈಪ್ ಮಾಡಲು ಬರುತ್ತದೆ. ಹಾಗಾಗಿ ಬರೀ ಟೊಮೇಟೊ ಸಸಿಯ ಬಗ್ಗೆಯೇ ಒಂದು ಕನ್ನಡ ಬ್ಲಾಗ್ ಶುರು ಮಾಡಿದೆ. ಅಪ್ಪ ಕೊನೆಗೆ ಬಾಯಿ ಬಿಟ್ಟಾಗ ಬರುವ ಮಾತನ್ನೆಲ್ಲ ನೆರಳುಮನೆಯ ಕಂಬದ ಹಿಂದೆ ನಿಂತು ಕೇಳಿ ಅದರಲ್ಲಿ ಬರೆಯುವುದು, ಜನಕ್ಕೆ ನಂಬಿಕೆ ಬಂದಮೇಲೆ ನರ್ಸರಿಯ ಹೆಸರು ಹಾಕುವುದು ಅಂತ ಲೆಕ್ಕ. ಅಲ್ಲಿಯವರೆಗೆ ನನ್ನ ಫೋನ್ ನಂಬರ್ ಮಾತ್ರ. ಅಪ್ಪನ ಹತ್ತಿರ ಇರುವುದು ಬಟನ್ ಫೋನು, ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಅವತ್ತಿನಿಂದ ಎದೆ ಧಸಕ್ಕೆನ್ನುವಂಥದ್ದು ವಾರಕ್ಕೊಂದಾದರೂ ಆಗುತ್ತಲೇ ಇದೆ.

ಬೋಳು ಟ್ರೇ

"ಎಲೆ ನೋಡಿ ಮರುಳಾಗಬೇಡಿ, ಸಸಿ ಕಿತ್ತು ಬೇರು ನೋಡಿ. ಬೇರು ಬೆಳ್ಳಗಿದ್ದರೆ ಮಾತ್ರ ಕೊಳ್ಳಿ." ಇದು ನನ್ನ ಮೊದಲ ಬರಹ. ಇದನ್ನು ಯಾರು ಓದುತ್ತಾರೆ ಅಂದುಕೊಂಡು ಸುಮ್ಮನಾದೆ.

ಎಂಟನೇ ದಿನ ಆರು ಜನ ಒಂದೇ ಟೆಂಪೋದಲ್ಲಿ ಬಂದರು. ಅಪ್ಪನನ್ನು ಮಾತಾಡಿಸಲೂ ಇಲ್ಲ. ಒಬ್ಬೊಬ್ಬರು ಒಂದೊಂದು ಟ್ರೇ ಮುಂದೆ ಕುಕ್ಕರುಗಾಲಲ್ಲಿ ಕೂತು, ಸಸಿ ಕೀಳುವುದು, ಬೇರು ನೋಡುವುದು, ತಲೆ ಆಡಿಸುವುದು, ಪಕ್ಕಕ್ಕೆ ಹಾಕುವುದು. ಅಪ್ಪ ಕಿತ್ತರೆ ವಾಪಸ್ ಕೂರಿಸುತ್ತಾರೆ. ಅದನ್ನು ಬರೆಯುವುದಕ್ಕೆ ನಾನು ಮರೆತಿದ್ದೆ.

ಅಪ್ಪ ಓಡಿಬರುವಷ್ಟರಲ್ಲಿ ನಾಲ್ಕು ಟ್ರೇ ಬೋಳು. ಏನ್ರಯ್ಯಾ ಇದು ಅಂದರೆ, ಬ್ಲಾಗ್‌ನಲ್ಲಿ ಹಿಂಗೇ ಮಾಡಿ ಅಂತ ಬಂದಿದೆ ಅಂದರು. ಸಂಜೆಯವರೆಗೂ ಅಪ್ಪ ಒಂದೊಂದನ್ನೇ ಎತ್ತಿ ಕೂರಿಸಿದರು. ನಾನು ನೀರಿನ ಮಗ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

"ಅದನ್ನ ಬರೆದೋನ ಕೈ ಸೇದೋಗ್ಲಿ" ಅಂದರು ಅಪ್ಪ.

ನಾನು ಮಗ್ ಅನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡೆ.

ತಿಳಿದೋರು

ಮುಳಬಾಗಿಲು ಕಡೆಯ ರೈತರೊಬ್ಬರು ಏಳು ವರ್ಷದಿಂದ ನಮ್ಮ ಗಿರಾಕಿ. ನಾಟಿಗೆ ಮೂರು ದಿನ ಇರುವಾಗ ಸಸಿಗೆ ನೀರು ಕಡಿಮೆ ಮಾಡಬೇಕು, ಆಗ ಅದು ಗಟ್ಟಿಯಾಗುತ್ತದೆ ಅಂತ ಅಪ್ಪ ಏಳು ವರ್ಷವೂ ಹೇಳಿದ್ದಾರೆ. ಯಜಮಾನ್ರಿಗೆ ನೀರಲ್ಲೂ ಜಿಪುಣತನ ಅಂತ ಇವರು ಏಳು ವರ್ಷವೂ ನಕ್ಕಿದ್ದಾರೆ.

ಈ ಸಲ ಬಂದವರು ಅಪ್ಪನನ್ನು ಬೇವಿನ ಮರದ ಹತ್ತಿರ ಕರೆದುಕೊಂಡು ಹೋದರು. ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿ, ನಾಟಿಗೆ ಮುಂಚೆ ಮೂರು ದಿನ ನೀರು ಕಮ್ಮಿ ಮಾಡಬೇಕಂತೆ, ಬ್ಲಾಗ್‌ನಲ್ಲಿ ಬಂದಿದೆ, ನಿಮಗೂ ಗೊತ್ತಿರಲಿ ಅಂತ ಹೇಳಿದೆ ಅಂದರು.

ಎತ್ತಿ ನೋಡಲು ಅಪ್ಪನಿಗೆ ಅಲ್ಲಿ ಒಂದು ಸಸಿಯೂ ಇರಲಿಲ್ಲ. "ಇದನ್ನೇ ಅಲ್ವೇನಯ್ಯಾ ನಾನು ಬಡ್ಕೊಂಡಿದ್ದು ಇಷ್ಟು ವರ್ಷ?"

ಅವರು ಅಪ್ಪನ ಭುಜ ತಟ್ಟಿ ಸಮಾಧಾನ ಮಾಡಿದರು. "ನೀವು ಹೇಳೋದು ಬೇರೆ ಯಜಮಾನ್ರೇ, ತಿಳಿದೋರು ಹೇಳೋದು ಬೇರೆ."

ಸಾರ್‌ಗೆ ಕೊಡಮ್ಮ

ಬ್ಲಾಗ್ ಬರೆಯುವವರು ಐವತ್ತು ದಾಟಿದ, ಕನ್ನಡಕದ ಗಂಡಸು ಅಂತ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಫೋನ್ ಎತ್ತಿದರೆ ಸಾಕು, ಸಾರ್‌ಗೆ ಕೊಡಮ್ಮ ಅನ್ನುತ್ತಾರೆ. ಸಾರ್ ಹೊರಗೆ ಹೋಗಿದ್ದಾರೆ ಅನ್ನುತ್ತೇನೆ.

ಗೌನಿಪಲ್ಲಿಯ ಒಬ್ಬರು ಮಾತ್ರ ಅಷ್ಟಕ್ಕೆ ಬಿಡುವವರಲ್ಲ. ಬರಲಿ, ನಾನು ಲೈನಲ್ಲೇ ಇರ್ತೀನಿ ಅನ್ನುತ್ತಾರೆ. ಕೊನೆಗೆ ನಾನು ಸಾರ್ ಬಂದರು, ಕೇಳಿ ಹೇಳ್ತೀನಿ ಅಂತ ಫೋನಿಗೆ ಅಂಗೈ ಮುಚ್ಚಿ, ಐದರವರೆಗೆ ಎಣಿಸಿ, ಉತ್ತರ ಕೊಡುತ್ತೇನೆ. ಒಂದು ಸಲ ಎಲೆ ಮುದುರುವುದರ ಬಗ್ಗೆ ಒಂಬತ್ತು ಪ್ರಶ್ನೆ ಕೇಳಿದರು. ಒಂಬತ್ತು ಸಲವೂ ಅಂಗೈ ಮುಚ್ಚಿದೆ.

ಅವರಿಗೆ ನನ್ನ ಮೇಲೆ ಮರುಕ ಬಂದುಬಿಟ್ಟಿತು. "ಏನಮ್ಮಾ, ಅಂಥೋರ ಪಕ್ಕದಲ್ಲೇ ಇದ್ದೀಯ, ಪ್ರತಿಯೊಂದನ್ನೂ ಕೇಳ್ಬೇಕಾ? ನೀನೂ ಸ್ವಲ್ಪ ಕಲ್ತುಕೋ."

ಆಯ್ತಣ್ಣ ಅಂದೆ.

ಮೊದಲ ಸಸಿ

ಹೋದ ತಿಂಗಳು, ಇನ್ನು ಕಾದರೆ ಉಳಿದರ್ಧ ನೆರಳುಮನೆಯೂ ಖಾಲಿಯಾಗುತ್ತದೆ ಅನ್ನಿಸಿ, ಬ್ಲಾಗ್‌ನ ಕೆಳಗೆ ನರ್ಸರಿಯ ಹೆಸರು ಹಾಕಿದೆ. ಹಾಕಿದ ಮೇಲೆ ಹೊಳೆಯಿತು: ಸಾರ್ ಅನ್ನುವವರೇ ಇಲ್ಲ, ಒಂದು ಸಸಿಯನ್ನೂ ನೆಡದ ಹುಡುಗಿ ಬರೆದದ್ದು ಅಂತ ಗೊತ್ತಾದರೆ ನನ್ನ ಜೊತೆ ಅಪ್ಪನ ನರ್ಸರಿಯೂ ಮುಳುಗುತ್ತದೆ.

ಮೂರನೇ ದಿನ ಬೆಳಿಗ್ಗೆಯೇ ಗೌನಿಪಲ್ಲಿಯವರು ಹೆಂಡತಿಯನ್ನು ಕರೆದುಕೊಂಡು ಟೆಂಪೋ ಸಮೇತ ಬಂದರು. ಬ್ಲಾಗ್ ಸಾರ್ ಎಲ್ಲಿ ಅಂತ ಅಪ್ಪನನ್ನೇ ಕೇಳಿದರು. ಅಂಥವರು ಇಲ್ಲಿ ಯಾರೂ ಇಲ್ಲ ಅಂದರು ಅಪ್ಪ. ಅವರು ಫೋನ್ ತೆಗೆದು ತೋರಿಸಿದರು. ಅದರಲ್ಲಿ ತಮ್ಮ ನರ್ಸರಿಯ ಹೆಸರು ನೋಡಿದ ಅಪ್ಪ, ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

ಕಂಬದ ಹಿಂದೆ ಇದ್ದ ನನ್ನ ಬಾಯಿ ಅಭ್ಯಾಸಬಲದಿಂದ, "ಸಾರ್ ಹೊರಗೆ ಹೋಗಿದ್ದಾರೆ" ಅಂದುಬಿಟ್ಟಿತು.

"ಓ, ಫೋನ್ ಎತ್ತೋ ಅಮ್ಮಾಯಿ ನೀನೇನಾ?" ಅಂದರು ಅವರು.

ಹೋದ ಬೆಳೆ ಸಾರ್ ಹೇಳಿದ ಹಾಗೆ ಮಾಡಿದ್ದರಂತೆ, ಸುತ್ತಲಿನ ಹೊಲದಲ್ಲೆಲ್ಲ ಎಲೆ ಮುದುರಿದರೂ ಅವರದು ನಿಂತಿತಂತೆ. ನಮ್ಮ ಕಡೆ ನಾಟಿಯ ದಿನ ಮೊದಲ ಸಸಿಯನ್ನು ಕೈಗುಣ ಇರುವವರಿಂದಲೇ ನೆಡಿಸುತ್ತಾರೆ. ಆ ಕೈ ಒಳ್ಳೆಯದಾದರೆ ಇಡೀ ಹೊಲ ಒಳ್ಳೆಯದು. ಈ ಸಲ ಸಸಿಯೂ ಇಲ್ಲಿಯದೇ, ಕೈಯೂ ಸಾರ್‌ದೇ ಆಗಬೇಕು. ಸಾಲು ಹೊಡೆದಾಗಿದೆ, ಕೂಲಿಯವರು ಬದುವಿನ ಮೇಲೆ ಕೂತಿದ್ದಾರೆ, ಹತ್ತೂವರೆಗೆ ರಾಹುಕಾಲ. ಸಾರ್ ಬರುವ ತನಕ ಕಾಯುತ್ತೇನೆ, ಇನ್ನೊಬ್ಬರ ಕೈಯಲ್ಲಿ ನೆಡಿಸುವುದಿಲ್ಲ ಅಂತ ಅವರು ಮಗುಚಿಟ್ಟ ಕ್ರೇಟಿನ ಮೇಲೆ ಕೂತುಬಿಟ್ಟರು.

ಒಂಬತ್ತಾಯಿತು. ಒಂಬತ್ತೂ ಕಾಲಾಯಿತು. ಬಾರದ ಮನುಷ್ಯನಿಗಾಗಿ ಒಬ್ಬರ ನಾಟಿ ಕೆಡುತ್ತಿತ್ತು.

"ಬರೆಯೋದು ನಾನೇ" ಅಂದೆ.

ಮೊದಲು ನಕ್ಕವರು ಅಪ್ಪ. ಗೌನಿಪಲ್ಲಿಯವರು ನಗಲಿಲ್ಲ, ಪರೀಕ್ಷೆಗೆ ಇಳಿದರು. ಬಿಳಿ ನೊಣ ಬಾರದಿರಲು ಹೊಲದ ಸುತ್ತ ಏನು ಹಾಕಬೇಕು? ಮುಸುಕಿನ ಜೋಳ, ನಾಲ್ಕು ಸಾಲು, ಟೊಮೇಟೊಗಿಂತ ಮುಂಚೆಯೇ. ಸಸಿ ಉದ್ದವಾಗಿ ಬೆಳೆದಿದ್ದರೆ? ಅದು ನೆರಳು ಹೆಚ್ಚಾದದ್ದು, ಆರೋಗ್ಯ ಅಲ್ಲ. ನೆಲ ನೋಡುತ್ತಾ ಒಂದೂ ಬಿಡದೆ ಹೇಳಿದೆ. ಎಲ್ಲವೂ ಅಪ್ಪನ ಮಾತೇ, ಅಪ್ಪ ಹೇಳುವ ಧಾಟಿಯಲ್ಲೇ. ಅಪ್ಪನ ನಗು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ.

ಅವರು ಅಪ್ಪನ ಕಡೆ ತಿರುಗಿದರು. "ಯಜಮಾನ್ರೇ, ಇದೆಲ್ಲಾ ನಿಮಗೆ ಗೊತ್ತಿತ್ತಾ?"

ಅಪ್ಪ ನನ್ನನ್ನು ನೋಡಿದರು.

"ಇಲ್ಲಪ್ಪಾ. ನಾನೂ ಈಗ್ಲೇ ಕೇಳ್ತಿರೋದು."

ಅಷ್ಟರಲ್ಲಿ ಗೌನಿಪಲ್ಲಿಯವರ ಹೆಂಡತಿ ಬಂದು ನನ್ನ ಮೊಣಕೈ ಹಿಡಿದರು. "ಹೆಣ್ಮಗು ಕೈ ಇನ್ನೂ ಮಂಚಿದೇ, ಒಳ್ಳೇದೇ. ಹತ್ತಮ್ಮಾ, ಟೈಮಾಯ್ತು."

ಬೇಡ ಅನ್ನಲು ಬಾಯಿ ಬರುವಷ್ಟರಲ್ಲಿ ನಾನು ಟೆಂಪೋದ ಹಿಂದೆ ಸಸಿ ಟ್ರೇಗಳ ನಡುವೆ ಕೂತಿದ್ದೆ, ಹಣೆಯಲ್ಲಿ ಕುಂಕುಮ. ಅಪ್ಪನೂ ಹತ್ತಿದರು, ಗೌನಿಪಲ್ಲಿಯವರ ಫೋನು ಇನ್ನೂ ಅಪ್ಪನ ಕೈಯಲ್ಲೇ ಇತ್ತು. ಸಸಿ ನೆಡುವ ಕ್ರಮ ಅಂತ ನಾನೇ ಹನ್ನೊಂದು ಅಂಶ ಬರೆದಿದ್ದೇನೆ. ಒಂದೂ ನೆನಪಿಗೆ ಬರಲಿಲ್ಲ. ಹೊಲ ಹತ್ತಿರವಾಗುತ್ತಿತ್ತು, ಬದುವಿನ ಮೇಲಿದ್ದ ಕೂಲಿಯವರು ಎದ್ದು ನಿಂತು ನಮ್ಮನ್ನೇ ನೋಡುತ್ತಿದ್ದರು.

"ಅಪ್ಪಾ, ಸಸಿ ಎಲ್ಲಿ ಹಿಡ್ಕೋಬೇಕು? ಒಂದೇ ಒಂದ್ಸಲ ತೋರ್ಸಪ್ಪಾ" ಅಂತ ಕಿವಿಯಲ್ಲಿ ಕೇಳಿದೆ.

ಅಪ್ಪ ತುಟಿ ಅಲ್ಲಾಡಿಸುತ್ತಾ ಬ್ಲಾಗ್‌ನಲ್ಲಿ ಆ ಹನ್ನೊಂದು ಅಂಶವನ್ನೇ ಓದುತ್ತಿದ್ದರು. ಕನ್ನಡಕ ಮೇಲೆ ತಳ್ಳಿ, ಹೆಬ್ಬೆರಳಿನಿಂದ ಪರದೆ ಸರಿಸಿ, ಮುಂದಿನ ಸಾಲಿಗೆ ಹೋದರು.